ಮೂರು ಸುತ್ತು

ಪ್ಲೇಟ್‌ಲೆಟ್ ಒಂದು ಲಕ್ಷ ದಾಟಿದ ದಿನ ನಮ್ಮ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಹೂವಿನ ಚಿತ್ರಗಳು ಸುರಿದವು. ಅದಕ್ಕೆ ಮೊದಲು ಐದು ದಿನ ಆ ಗುಂಪು ಡೆಂಗ್ಯೂ ಹಿಡಿದ ನನ್ನ ರಕ್ತವನ್ನು ಕ್ರಿಕೆಟ್ ಸ್ಕೋರಿನ ಹಾಗೆ ನೋಡುತ್ತಾ ಬಂದಿತ್ತು. ಬೆಳಿಗ್ಗೆ 42 ಸಾವಿರ, ಸಂಜೆ 31, ಮರುದಿನ 28. 28ಕ್ಕೆ ಇಳಿದಾಗ ಮೂರನೇ ಮಹಡಿಯ ಕಾಕು ಕಿವಿ ಹಣ್ಣು ಕಳಿಸಿದರು. ಎದುರುಮನೆಯ ಗುಜರಾತಿ ಬೆನ್ ಆಡಿನ ಹಾಲು ಎಲ್ಲಿ ಸಿಗುತ್ತದೆ ಎಂದು ವಿಳಾಸ ಹುಡುಕಿ ಕೊಟ್ಟರು. ನನ್ನ ಗಂಡ ಮುಂಬೈನ ಮುಲುಂಡಿನ ಮಾರ್ಕೆಟ್ಟೆಲ್ಲ ಸುತ್ತಿ ಪಪ್ಪಾಯಿ ಎಲೆ ತಂದು, ಅರೆದು, ಬಾಟಲಿಯಲ್ಲಿ ಆಸ್ಪತ್ರೆಗೆ ತಂದರು. ಅದರ ಕಹಿ ಕುಡಿದವರಿಗೇ ಗೊತ್ತು. ಡೆಂಗ್ಯೂನಲ್ಲಿ ಜ್ವರ ಬಿಟ್ಟು ಎರಡು ಮೂರು ದಿನಕ್ಕೆ ಪ್ಲೇಟ್‌ಲೆಟ್ ಸಾಮಾನ್ಯವಾಗಿ ತಾನಾಗಿಯೇ ಏರತೊಡಗುತ್ತದೆ. ಆ ಹೊತ್ತಿಗೆ ಬಾಯಲ್ಲಿ ಏನಿತ್ತೋ ಅದಕ್ಕೆ ಹೆಸರು ಬರುತ್ತದೆ. ನಮ್ಮ ಮನೆಯಲ್ಲಿ ಹೆಸರು ಪಪ್ಪಾಯಿಗೆ ಬಂತು. ಎರಡನೇ ದಿನದಿಂದ ನಾನು ಅದನ್ನು ವಾಶ್‌ಬೇಸಿನ್ನಿಗೆ ಸುರಿಯುತ್ತಿದ್ದೆ ಎಂಬುದು ಗಂಡನಿಗೆ ಗೊತ್ತಿಲ್ಲ. ಇದನ್ನು ಓದಿದರೆ ಗೊತ್ತಾಗುತ್ತದೆ.

ಅಂತೂ ಹೋದ ವರ್ಷದ ಚೌತಿ ಆಸ್ಪತ್ರೆಯ ಮಂಚದ ಮೇಲೆ ಕಳೆಯಿತು. ಅನಂತ ಚತುರ್ದಶಿಯ ಹೊತ್ತಿಗೆ ಮನೆಯಲ್ಲಿದ್ದೆ, ಬಾಲ್ಕನಿಯಿಂದ ವಿಸರ್ಜನೆಯ ಡೋಲು ಕೇಳಿದೆ. ಕೈಯಲ್ಲಿದ್ದ ಕಾಗದದ ಪ್ರಕಾರ ನಾನು ಗುಣವಾಗಿದ್ದೆ. ಪ್ಲೇಟ್‌ಲೆಟ್ ಸರಿ, ಜ್ವರ ಇಲ್ಲ, ಹೊಟ್ಟೆನೋವಿಲ್ಲ. ಫೈಲು ಮುಚ್ಚಿತು, ಗುಂಪಿನಲ್ಲಿ ಮಾತು ನೀರಿನ ಟ್ಯಾಂಕರಿನ ಕಡೆ ಹೋಯಿತು. ಆಮೇಲಿನ ಏಳೆಂಟು ತಿಂಗಳಿಗೆ ಯಾರ ಹತ್ತಿರವೂ ಸ್ಕೋರ್ ಇರಲಿಲ್ಲ. ನನಗೂ ಏನಾಗುತ್ತಿದೆ ಎಂದು ಹೇಳಲು ಒಂದು ಅಂಕಿ ಸಿಗಲಿಲ್ಲ. ಅದೇ ನನ್ನನ್ನು ಇವತ್ತಿಗೂ ಕಾಡುವುದು.

ನಿಂಬೆಹಣ್ಣು

ಮೊದಲು ಬಂದದ್ದು ಉಗುರುಸುತ್ತು. ನವರಾತ್ರಿಯ ಎರಡನೇ ದಿನ ಬಲಗೈಯ ತೋರುಬೆರಳು ಕೆಂಪಾಯಿತು. ರಾತ್ರಿಗೆ ಊದಿ, ಮರುದಿನ ಉಗುರಿನ ಬದಿಯಲ್ಲಿ ಕೀವು ತುಂಬಿತು. ಉಗುರುಸುತ್ತು ಯಾರಿಗೆ ಬರುವುದಿಲ್ಲ, ಅಲ್ವಾ? ಪಾತ್ರೆ ತೊಳೆಯುವವರಿಗೆ ಅದು ಮನೆಯ ನೆಂಟ. ಅತ್ತೆ ಒಂದು ನಿಂಬೆಹಣ್ಣಿಗೆ ತೂತು ಕೊರೆದು ಬೆರಳಿಗೆ ಸಿಕ್ಕಿಸಿದರು. ಆ ಹಳದಿ ಟೊಪ್ಪಿ ಹಾಕಿಕೊಂಡೇ ನಾನು ಆಫೀಸಿನ ಮೇಲ್ ಬರೆದೆ. ಆದರೆ ಈ ಸಲದ್ದು ನಿಂಬೆಹಣ್ಣಿಗೆ ಬಗ್ಗಲಿಲ್ಲ. ಡಾಕ್ಟರು ಕೊಯ್ದು ಕೀವು ತೆಗೆಯಬೇಕಾಯಿತು, ಆಂಟಿಬಯೋಟಿಕ್ ತಿನ್ನಬೇಕಾಯಿತು. ಅದು ಒಣಗುವ ಮೊದಲೇ ಗಂಟಲು ಹಿಡಿಯಿತು. ಗಂಟಲು ಬಿಟ್ಟಿತು ಅನ್ನುವಾಗ ಬಾಯಿಹುಣ್ಣು. ಒಂದೊಂದೂ ಚಿಲ್ಲರೆ ಕಾಯಿಲೆ. ಆದರೆ ಚಿಲ್ಲರೆಯೇ ದಿನಾ ಬಂದರೆ ಜೇಬು ಭಾರವಾಗುತ್ತದೆ.

ಡಾಕ್ಟರು ಸಕ್ಕರೆ ಪರೀಕ್ಷೆ ಮಾಡಿಸಿದರು. ಮತ್ತೆ ಮತ್ತೆ ಸೋಂಕು ಬರುವವರಲ್ಲಿ ಮೊದಲು ನೋಡಬೇಕಾದದ್ದು ಅದೇ ಅಂತೆ. ಸಕ್ಕರೆ ಸರಿಯಿತ್ತು. ಆಗ ಅವರು ಆಸ್ಪತ್ರೆಯ ಹಳೆಯ ರಿಪೋರ್ಟುಗಳನ್ನು ತರಿಸಿ ಒಂದೊಂದಾಗಿ ಮೇಜಿನ ಮೇಲೆ ಹರಡಿದರು. ಪ್ಲೇಟ್‌ಲೆಟ್ಟಿನ ಸಾಲಿಗೆ ಪ್ರತಿ ಹಾಳೆಯಲ್ಲೂ ಯಾರೋ ಪೆನ್ನಿನಿಂದ ಗೆರೆ ಎಳೆದಿದ್ದರು. ಅದರ ಮೇಲೆ ಇನ್ನೊಂದು ಸಾಲಿತ್ತು, ಸೋಂಕಿನ ಜೊತೆ ಹೊಡೆದಾಡುವ ಬಿಳಿ ರಕ್ತಕಣಗಳದ್ದು. ಆರೋಗ್ಯವಂತರಲ್ಲಿ 4 ಸಾವಿರದಿಂದ 11 ಸಾವಿರ ಇರಬೇಕಾದ ಜಾಗದಲ್ಲಿ ನನಗೆ ಐದನೇ ದಿನ 1,900 ಇತ್ತು. ಅದಕ್ಕೆ ಗೆರೆ ಇರಲಿಲ್ಲ. ಇಡೀ ಕಟ್ಟಡ ಪ್ಲೇಟ್‌ಲೆಟ್ ಎಣಿಸುತ್ತಿದ್ದಾಗ ಪಕ್ಕದ ಮನೆಯ ಬಾಗಿಲು ತೆರೆದೇ ಇತ್ತು, ನಾವು ಯಾರೂ ಆ ಕಡೆ ನೋಡಿರಲಿಲ್ಲ.

ಇದರಲ್ಲಿ ಆಸ್ಪತ್ರೆಯವರ ತಪ್ಪೇನಿಲ್ಲ. ಡೆಂಗ್ಯೂನಲ್ಲಿ ಬಿಳಿ ಕಣ ಇಳಿಯುವುದು ಎಷ್ಟು ಮಾಮೂಲೆಂದರೆ, ಪ್ಲೇಟ್‌ಲೆಟ್ ಬೀಳುವುದಕ್ಕಿಂತ ಮೊದಲೇ ಡಾಕ್ಟರುಗಳು ಅದನ್ನು ನೋಡಿ ಇದು ಡೆಂಗ್ಯೂ ಇರಬಹುದು ಎಂದು ಊಹಿಸುತ್ತಾರೆ. ಮೊದಲ ದಿನಗಳಲ್ಲಿ ವೈರಸ್ಸು ಮೂಳೆಮಜ್ಜೆಯ ಕೆಲಸವನ್ನು ತಗ್ಗಿಸಿಬಿಡುತ್ತದೆ. ಬಿಳಿ ಕಣಗಳ ಲೆಕ್ಕ ಬೇಗ ಸರಿಹೋಗುತ್ತದೆ, ನನ್ನದೂ ಮನೆಗೆ ಬರುವಾಗ ಸರಿಯಾಗಿತ್ತು. ಆದರೆ ಲೆಕ್ಕ ಬೇರೆ, ಕೆಲಸ ಬೇರೆ. ಡೆಂಗ್ಯೂ ಜ್ವರದಲ್ಲಿರುವವರ ರಕ್ತದಿಂದ ಟಿ ಕೋಶಗಳನ್ನು, ಅಂದರೆ ಸೋಂಕಿಗೆ ಕಾವಲು ನಿಲ್ಲುವ ಒಂದು ಬಗೆಯ ಬಿಳಿ ಕಣಗಳನ್ನು, ತೆಗೆದು ಪ್ರಯೋಗಾಲಯದಲ್ಲಿ ಕೆಣಕಿ ನೋಡಿದ್ದಾರೆ. ಅವು ಎಂದಿನ ಹಾಗೆ ಎದ್ದು ಸಂಖ್ಯೆ ಹೆಚ್ಚಿಸಿಕೊಳ್ಳುವುದಿಲ್ಲ, ಮಂಕಾಗಿ ಕೂತಿರುತ್ತವೆ. ಚೇತರಿಸಿಕೊಂಡ ಮೇಲಷ್ಟೇ ಮತ್ತೆ ಚುರುಕಾಗುತ್ತವೆ. ನಮ್ಮ ಆಫೀಸಿನಲ್ಲಿ ಜುಲೈ ತಿಂಗಳ ಮಳೆಯ ದಿನ ಇದ್ದ ಹಾಗೆ. ಹಾಜರಿ ಪುಸ್ತಕದಲ್ಲಿ ಎಲ್ಲರ ಸಹಿ ಇದೆ, ಕೆಲಸ ಮಾತ್ರ ನಡೆಯುತ್ತಿಲ್ಲ.

ಬಾಲ ಎಲ್ಲಿ ಉಂಟು?

ನರಕ ಚತುರ್ದಶಿಯ ಹಿಂದಿನ ರಾತ್ರಿ. ಎಡಗಡೆ ಪಕ್ಕೆಯಲ್ಲಿ ಎರಡು ದಿನದಿಂದ ಉರಿ. ದೀಪಾವಳಿಯ ಕ್ಲೀನಿಂಗಿನಲ್ಲಿ ಎಲ್ಲೋ ಉಳುಕಿದೆ ಅಂದುಕೊಂಡಿದ್ದೆ. ಬ್ಲೌಸಿನ ಬಟ್ಟೆ ತಾಗಿದರೂ ಸಹಿಸಲಾಗುತ್ತಿರಲಿಲ್ಲ. ಹಂಡೆಗೆ ನೀರು ತುಂಬುವ ಶಾಸ್ತ್ರವನ್ನು ನಮ್ಮ ಅತ್ತೆ ಮುಂಬೈನ ಫ್ಲಾಟಿನಲ್ಲೂ ಬಿಟ್ಟಿಲ್ಲ. ಸ್ಟೀಲಿನ ಬಕೆಟ್ಟಿಗೆ ಕೆಮ್ಮಣ್ಣಿನ ಗೆರೆ ಬರೆದು, ಹಾಗಲ ಬಳ್ಳಿ ಸಿಗದಿದ್ದರೆ ಮನಿಪ್ಲಾಂಟಿನ ಬಳ್ಳಿ ಸುತ್ತುತ್ತಾರೆ. (ಪಾಲಿಕೆಯವರು ಟಾರ್ಚ್ ಹಿಡಿದು ಬಂದು ಸೊಳ್ಳೆಮರಿ ತೋರಿಸಿದ್ದು ಅದೇ ಮನಿಪ್ಲಾಂಟಿನ ಬಾಟಲಿಯಲ್ಲಿ. ಸ್ವಚ್ಛ ನೀರು, ಒಂದು ಲೋಟದಷ್ಟೂ ಇಲ್ಲ. ನಾವು ಮಾತ್ರ ಇಡೀ ಮಳೆಗಾಲ ಪಕ್ಕದ ಕಟ್ಟಡದ ನೀಲಿ ಟಾರ್ಪಾಲನ್ನು ಬೈದಿದ್ದೆವು.) ಬಕೆಟ್ ಎತ್ತುವಾಗ ನಾನು ಅಯ್ಯೋ ಎಂದು ಕೂತುಬಿಟ್ಟೆ. ಅತ್ತೆ ಹತ್ತಿರ ಬಂದರು.

"ಎಂತ ಆಯ್ತು ಮಗಳೇ? ಸೆರಗು ಸರಿಸು, ನೋಡುವ."

ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಬೆನ್ನಿನಿಂದ ಪಕ್ಕೆಯ ಕಡೆಗೆ ಒಂದು ಪಟ್ಟಿಯ ಹಾಗೆ ಸಣ್ಣ ಸಣ್ಣ ನೀರುಗುಳ್ಳೆ. ಅತ್ತೆಯ ದನಿ ಇಳಿಯಿತು. "ಸರ್ಪಸುತ್ತು. ಅಲ್ಲಾಡಬೇಡ. ಬಾಲ ಎಲ್ಲಿ ಉಂಟು ನೋಡ್ತೇನೆ."

ಸರ್ಪಸುತ್ತಿನ ಭಯವನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಸುತ್ತಿ ಬಂದು ತಲೆ ಬಾಲ ಕೂಡಿದರೆ ಮನುಷ್ಯ ಉಳಿಯುವುದಿಲ್ಲ ಎಂದು ಕೇಳಿಕೊಂಡೇ ಬೆಳೆದವರು ನಾವು. ಊರಿನಲ್ಲಿ ಅದಕ್ಕೆ ಮದ್ದು ಕೊಡುವ ಮನೆಗಳೇ ಬೇರೆ, ಕೆಮ್ಮಣ್ಣು ಕಲಸಿ ಹಚ್ಚಿ ಮಂತ್ರ ಹಾಕುವವರೇ ಬೇರೆ. ಅತ್ತೆಯ ಒಂದು ಬೆರಳು ನನ್ನ ಬೆನ್ನಿನ ಮೇಲೆ ಗುಳ್ಳೆಗಳಿಗೆ ತಾಗದ ಹಾಗೆ ಮೆಲ್ಲಗೆ ಸರಿಯುತ್ತಾ ಹೋಯಿತು. ಬೆನ್ನುಮೂಳೆಯ ಹತ್ತಿರ ನಿಂತಿತು. ಮುಂದೆ ಎದೆಯ ನಡುವಿಗೆ ಬಂದು ಅಲ್ಲೂ ನಿಂತಿತು. "ಆಚೆ ಬದಿಗೆ ಹೋಗಲಿಲ್ಲ" ಎಂದು ಉಸಿರು ಬಿಟ್ಟರು. ಆಮೇಲೆ ದೇವರ ಕೋಣೆಗೆ ಹೋಗಿ ಸುಬ್ರಹ್ಮಣ್ಯಕ್ಕೆ ಹರಕೆ ಹೇಳಿ ಕಾಣಿಕೆ ಕಟ್ಟಿಟ್ಟರು. ಗಂಡ ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದರು. "ಉಗುರುಸುತ್ತು ಆಯ್ತು, ಸರ್ಪಸುತ್ತು ಆಯ್ತು. ಇನ್ನು ತಲೆಸುತ್ತು ಒಂದು ಬಾಕಿ ಮಾರಾಯ್ತಿ" ಅಂದರು. ನಗು ಬಂತು. ನಕ್ಕರೆ ಪಕ್ಕೆ ಉರಿಯಿತು.

ತಲೆ ಬಾಲ ಕೂಡುವುದು ಅಪರೂಪ ಯಾಕೆ ಎಂದು ಮರುದಿನ ಡಾಕ್ಟರು ಕಾಗದದ ಮೇಲೆ ಗೀಚಿ ತೋರಿಸಿದರು. ಬೆನ್ನುಹುರಿಯಿಂದ ಎಡಕ್ಕೊಂದು ನರ, ಬಲಕ್ಕೊಂದು ನರ ಹೊರಡುತ್ತವೆ. ಒಂದೊಂದು ನರಕ್ಕೆ ಮೈಮೇಲೆ ಒಂದೊಂದು ಪಟ್ಟಿ ಜಾಗ. ಚಿಕ್ಕಂದಿನಲ್ಲಿ ಬಂದ ಸೀತಾಳೆ ಸಿಡುಬಿನ ವೈರಸ್ಸು ಗುಳ್ಳೆ ಒಣಗಿದ ಮೇಲೆ ಎಲ್ಲಿಗೂ ಹೋಗಿರುವುದಿಲ್ಲ, ನರದ ಬುಡದಲ್ಲಿ ಮಲಗಿರುತ್ತದೆ. ಟಿ ಕೋಶಗಳ ಕಾವಲು ಸಡಿಲವಾದಾಗ ಎದ್ದು ತಾನು ಮಲಗಿದ್ದ ನರವನ್ನೇ ಹಿಡಿದು ಹೊರಗೆ ಬರುತ್ತದೆ. ಎಡದ ನರದಲ್ಲಿದ್ದದ್ದು ಎಡಕ್ಕೇ, ನಡುಗೆರೆ ದಾಟುವುದು ತೀರಾ ಕಡಿಮೆ. ಅತ್ತೆಗೆ ಈ ಚಿತ್ರ ತುಂಬ ಹಿಡಿಸಿತು. ಮಡಚಿ ಪರ್ಸಿನಲ್ಲಿಟ್ಟುಕೊಂಡರು. ಹರಕೆ ಮಾತ್ರ ಹಿಂದೆ ತೆಗೆದುಕೊಳ್ಳಲಿಲ್ಲ. ಗುಳ್ಳೆ ಎದ್ದು ಮೂರು ದಿನದೊಳಗೆ ಮಾತ್ರೆ ಶುರುವಾದರೆ ಒಳ್ಳೆಯದು ಎಂದು ಡಾಕ್ಟರು ಅವತ್ತೇ ಬರೆದುಕೊಟ್ಟರು, ಏಳು ದಿನ ನುಂಗಿದೆ. ಗುಳ್ಳೆ ಎರಡು ವಾರದಲ್ಲಿ ಒಣಗಿತು. ನೋವು ಸಂಕ್ರಾಂತಿಯವರೆಗೆ ಇತ್ತು.

ಇದೆಲ್ಲ ಡೆಂಗ್ಯೂನಿಂದಲೇ ಆದದ್ದಾ? ನಾನು ಕೇಳಿದೆ. ನನಗೆ ಹೌದು ಎಂಬ ಉತ್ತರ ಬೇಕಿತ್ತು, ಯಾಕೆಂದರೆ ಒಂದೇ ಅಪರಾಧಿ ಸಿಕ್ಕರೆ ಸಮಾಧಾನ. ಅವರು ಕೊಡಲಿಲ್ಲ. ಡೆಂಗ್ಯೂ ಆದ ಕೆಲವು ವಾರಗಳಲ್ಲಿ ಸರ್ಪಸುತ್ತು ಕಂಡ ರೋಗಿಗಳ ಬಗ್ಗೆ ವೈದ್ಯರು ಬರೆದಿದ್ದಾರೆ, ಡೆಂಗ್ಯೂ ಜೊತೆಗೇ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿದವರ ಬಗ್ಗೆಯೂ ಬರೆದಿದ್ದಾರೆ. ಆದರೆ ನಲವತ್ತೈದರ ಹೆಂಗಸು, ನಿದ್ದೆಗೆಟ್ಟವಳು, ಮುಲುಂಡಿನಿಂದ ಫೋರ್ಟಿಗೆ ದಿನಾ ಓಡಾಡುವವಳು. ಸರ್ಪಸುತ್ತಿಗೆ ಅಷ್ಟೇ ಸಾಕಾಗುತ್ತದೆ ಎಂದರು. ಒಂದರ ಹಿಂದೆ ಒಂದು ಬಂದ ಮಾತ್ರಕ್ಕೆ ಮೊದಲಿನದ್ದು ಎರಡನೆಯದರ ಅಮ್ಮ ಆಗುವುದಿಲ್ಲ. ನಾನು ಒಪ್ಪಿದೆ. ಮನಸ್ಸು ಪೂರ್ತಿ ಒಪ್ಪಲಿಲ್ಲ.

ಇದು ಎರಡನೇ ಸಲ

ಆ ರಿಪೋರ್ಟುಗಳ ರಾಶಿಯಲ್ಲಿ ಇನ್ನೂ ಒಂದು ಸಾಲಿತ್ತು. ಜ್ವರದ ನಾಲ್ಕನೇ ದಿನದ್ದು. ಎನ್‌ಎಸ್ 1 (ವೈರಸ್ಸಿನ ಪ್ರೋಟೀನು ಹುಡುಕುವ ಪರೀಕ್ಷೆ) ಪಾಸಿಟಿವ್, ಅದು ಗೊತ್ತಿದ್ದದ್ದೇ. ಅದರ ಕೆಳಗೆ ಐಜಿಜಿ, ಅಂದರೆ ವೈರಸ್ಸನ್ನು ಗುರುತಿಟ್ಟು ಹಿಡಿಯಲು ಮೈ ಮಾಡಿಕೊಳ್ಳುವ ಒಂದು ಬಗೆಯ ಪ್ರತಿಕಾಯ, ಅದೂ ಪಾಸಿಟಿವ್, ಅದೂ ಜೋರಾಗಿ. ಡಾಕ್ಟರು ಅದರ ಮೇಲೆ ಬೆರಳಿಟ್ಟು, "ಇದು ನಿಮಗೆ ಎರಡನೇ ಸಲ ಇರಬೇಕು" ಅಂದರು. ಮೊದಲ ಸಲದ ಡೆಂಗ್ಯೂನಲ್ಲಿ ಐಜಿಜಿ ಇಷ್ಟು ಬೇಗ ಏರುವುದಿಲ್ಲ. ಇಷ್ಟು ಬೇಗ ಏರಿದೆ ಎಂದರೆ ಮೈಗೆ ಹಳೆಯ ನೆನಪಿದೆ ಎಂದರ್ಥ.

ನನಗೆ ಇರಲಿಲ್ಲ. ಮೊದಲ ಸಲ ಯಾವಾಗ? ಮದುವೆಯಾಗಿ ಬಂದ ಎರಡನೇ ಮಳೆಗಾಲ ಭಾಂಡುಪಿನ ಚಾಳಿನ ಒಂದೇ ಕೋಣೆಯಲ್ಲಿ ಎರಡು ದಿನ ಜ್ವರ ಬಂದಿತ್ತು. ಕ್ರೋಸಿನ್ ನುಂಗಿ ಮೂರನೇ ದಿನ ಕೆಲಸಕ್ಕೆ ಹೋಗಿದ್ದೆ. ಅದೇ ಇರಬಹುದು. ಅಥವಾ ಜ್ವರವೇ ಬಾರದ ಯಾವುದೋ ಒಂದು ದಿನ ಇರಬಹುದು. ಡೆಂಗ್ಯೂ ತಗುಲಿದ ನಾಲ್ವರಲ್ಲಿ ಸುಮಾರು ಮೂವರಿಗೆ ಹೇಳಿಕೊಳ್ಳುವಂಥ ಲಕ್ಷಣವೇ ಇರುವುದಿಲ್ಲ. 2017-18ರಲ್ಲಿ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ದೇಶದ ಹದಿನೈದು ರಾಜ್ಯಗಳಲ್ಲಿ ಐದರಿಂದ ನಲವತ್ತೈದು ವರ್ಷದವರ ರಕ್ತ ಪರೀಕ್ಷಿಸಿದಾಗ ಸುಮಾರು ಅರ್ಧದಷ್ಟು ಜನರಲ್ಲಿ ಹಳೆಯ ಡೆಂಗ್ಯೂ ಗುರುತು ಸಿಕ್ಕಿತು. ಅವರಲ್ಲಿ ಎಷ್ಟು ಮಂದಿಗೆ ಅದು ನೆನಪಿದ್ದೀತು? ಲೋಕಲ್ ಟ್ರೇನಿನ ಲೇಡೀಸ್ ಡಬ್ಬಿಯಲ್ಲಿ ಒತ್ತಿಕೊಂಡು ನಿಂತ ನಾವೆಲ್ಲ ನಮಗೇ ತಿಳಿಯದ ಹಳೆಯ ಲೆಕ್ಕವೊಂದನ್ನು ಹೊತ್ತುಕೊಂಡು ಓಡಾಡುತ್ತಿದ್ದೇವೆ.

"ಒಮ್ಮೆ ಬಂದರೆ ಮತ್ತೆ ಬರುವುದಿಲ್ಲ, ಬಿಡು" ಎಂದು ಧೈರ್ಯ ಹೇಳಿದವರು ಒಬ್ಬಿಬ್ಬರಲ್ಲ. ಸೀತಾಳೆ ಸಿಡುಬಿನ ಲೆಕ್ಕವನ್ನು ಡೆಂಗ್ಯೂಗೂ ಹಾಕುತ್ತಾರೆ. ಡೆಂಗ್ಯೂ ವೈರಸ್ಸಿನಲ್ಲಿ ನಾಲ್ಕು ಬಗೆ. ಒಂದು ಬಗೆ ಬಂದು ಹೋದರೆ ಅದೊಂದರಿಂದ ಜನ್ಮಪೂರ್ತಿ ರಕ್ಷಣೆ. ಉಳಿದ ಮೂರರಿಂದ ಕೆಲವು ತಿಂಗಳು, ಹೆಚ್ಚೆಂದರೆ ಒಂದೆರಡು ವರ್ಷ. ಆಮೇಲೆ ನಡೆಯುವುದು ವಿಚಿತ್ರ. ನನಗೆ ಅದು ಅರ್ಥವಾದದ್ದು ನಮ್ಮ ಗೇಟಿನ ವಾಚ್‌ಮನ್ ನೆನಪಾಗಿ. ಅವನು ಒಮ್ಮೆ ಒಬ್ಬ ಕಳ್ಳನನ್ನು ಹಿಡಿದಿದ್ದಾನೆ ಅಂದುಕೊಳ್ಳಿ. ಆ ಮುಖ ಮರೆಯುವುದಿಲ್ಲ. ಕೆಲವು ವರ್ಷ ಕಳೆದು ಅದೇ ಕಳ್ಳನ ತಮ್ಮ ಬರುತ್ತಾನೆ. ಮುಖ ಅರ್ಧ ಹೋಲುತ್ತದೆ. ವಾಚ್‌ಮನ್ ಕೈ ಹಿಡಿಯುತ್ತಾನೆ, ಆದರೆ ಹಿಡಿತ ಬಿಗಿಯಿಲ್ಲ. ಹಾಗೇ ಹಿಡಿದುಕೊಂಡು ನೆಟ್ಟಗೆ ಪೊಲೀಸ್ ಚೌಕಿಗೆ ಕರೆದೊಯ್ಯುತ್ತಾನೆ. ತೊಂದರೆ ಏನೆಂದರೆ ಈ ಕಳ್ಳ ಮನೆ ಮಾಡಿ ಮರಿ ಹಾಕುವುದೇ ಚೌಕಿಯೊಳಗೆ. ಪ್ರತಿಕಾಯ ಹಿಡಿದು ತಂದದ್ದನ್ನು ನುಂಗಿ ಕರಗಿಸಬೇಕಾದ ಬಿಳಿ ಕಣಗಳೇ ಡೆಂಗ್ಯೂ ವೈರಸ್ಸಿಗೆ ಬೆಳೆಯುವ ಜಾಗ. ವಾಚ್‌ಮನ್ ಇಲ್ಲದಿದ್ದರೆ ಅದು ತಾನೇ ದಾರಿ ಹುಡುಕಬೇಕಿತ್ತು. ಈಗ ಕೈ ಹಿಡಿದು ಕರೆದೊಯ್ಯುವವರು ಸಿಕ್ಕರು.

ಇದನ್ನು ಒಂದು ದ್ವೀಪ ತುಂಬ ಕಷ್ಟಪಟ್ಟು ಕಲಿಯಿತು. ಕ್ಯೂಬಾದಲ್ಲಿ 1977ರಲ್ಲಿ ಒಂದನೇ ಬಗೆಯ ಡೆಂಗ್ಯೂ ಹರಡಿತು, ಲಕ್ಷಾಂತರ ಜನರಿಗೆ ತಗುಲಿತು, ಹೆಚ್ಚಿನವರಿಗೆ ಸಾಧಾರಣ ಜ್ವರ. 1981ರಲ್ಲಿ ಎರಡನೇ ಬಗೆ ಬಂತು. 3 ಲಕ್ಷ 44 ಸಾವಿರ ಮಂದಿಗೆ ಕಾಯಿಲೆ, 158 ಸಾವು, ಅದರಲ್ಲಿ 101 ಮಕ್ಕಳು. ಆಮೇಲೆ ಅವರು ಸೊಳ್ಳೆಗಳನ್ನು ಎಷ್ಟು ಗಟ್ಟಿಯಾಗಿ ಹಿಡಿದರೆಂದರೆ ಹದಿನೈದು ವರ್ಷ ಡೆಂಗ್ಯೂ ಸುಳಿವಿಲ್ಲ. 1997ರಲ್ಲಿ ಸಾಂಟಿಯಾಗೋ ಡಿ ಕ್ಯೂಬಾ ಎಂಬ ಊರಿಗೆ ಎರಡನೇ ಬಗೆ ಮತ್ತೆ ಬಂತು. ಈ ಸಲ ಜೋರಾಗಿ ಮಲಗಿದವರು ಮಕ್ಕಳಲ್ಲ, ದೊಡ್ಡವರು. ಇಪ್ಪತ್ತು ವರ್ಷದ ಹಿಂದಿನ ಆ ಸಾಧಾರಣ ಜ್ವರ ಕಂಡವರು. ಮಧ್ಯದ ವರ್ಷಗಳಲ್ಲಿ ಹುಟ್ಟಿದವರ ಮೈಯಲ್ಲಿ ಹಳೆಯ ನೆನಪೇ ಇರಲಿಲ್ಲ, ಅವರು ಸುಲಭವಾಗಿ ಪಾರಾದರು. ಭಾಂಡುಪಿನ ಆ ಎರಡು ದಿನದ ಜ್ವರಕ್ಕೂ ಮುಲುಂಡಿನ ಈ 28 ಸಾವಿರಕ್ಕೂ ನಡುವೆ ಇರುವುದು ಹದಿನೇಳು ವರ್ಷ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಗುಣವಾದ ಮೇಲೆ ಹೆದರುವುದು ಸುಮ್ನೆ ದಂಡ, ಗೊತ್ತು.

ಲಸಿಕೆಯ ಕಥೆಯಲ್ಲೂ ಎಡವಿದ್ದು ಇಲ್ಲೇ. ಫಿಲಿಪೀನ್ಸಿನಲ್ಲಿ 2016ರಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಡೆಂಗ್ಯೂ ಲಸಿಕೆ ಕೊಟ್ಟರು. ಮರುವರ್ಷ ತಿಳಿದದ್ದು, ಮೊದಲು ಡೆಂಗ್ಯೂ ಬಾರದೇ ಇದ್ದ ಮಕ್ಕಳಿಗೆ ಆ ಲಸಿಕೆಯೇ ಮೊದಲ ಸಲದ ಕಾಯಿಲೆಯ ಹಾಗೆ ಕೆಲಸ ಮಾಡಬಹುದು, ಆಮೇಲೆ ನಿಜವಾದ ಡೆಂಗ್ಯೂ ಬಂದರೆ ಹೆಚ್ಚು ಜೋರಾಗಬಹುದು ಎಂದು. ಅರ್ಧ ಕಲಿಸಿದ ಪಾಠ. ನಮ್ಮಲ್ಲೂ 2024ರ ಆಗಸ್ಟಿನಲ್ಲಿ ದೇಶೀ ಲಸಿಕೆಯ ಮೂರನೇ ಹಂತದ ಪ್ರಯೋಗ ಶುರುವಾಯಿತು. ನಾಲ್ಕೂ ಬಗೆಗೆ ಒಟ್ಟಿಗೆ ಪೂರ್ತಿ ಪಾಠ ಕಲಿಸಬೇಕು, ಅದೇ ಕಷ್ಟ.

ಫೋರ್ತ್ ಸೀಟ್

ಬಾಕಿ ಇದ್ದ ತಲೆಸುತ್ತು ಡಿಸೆಂಬರಿನಲ್ಲಿ ಬಂತು. ಬೆಳಗಿನ ಫಾಸ್ಟ್ ಲೋಕಲ್, ಕುರ್ಲಾ ದಾಟಿದ್ದೇ ಕಣ್ಣೆದುರು ಕತ್ತಲೆ. ಯಾರೋ ಸೊಂಟಕ್ಕೆ ಕೈ ಕೊಟ್ಟು ಹಿಡಿದರು. ಮೂವರು ಕೂತಿದ್ದ ಸೀಟಿನವರು ಜರುಗಿ ಫೋರ್ತ್ ಸೀಟಿನಲ್ಲಿ ಕೂರಿಸಿದರು. ಮೀನಿನ ಬುಟ್ಟಿಯ ವಾಸನೆಯಿಲ್ಲದ ಡಬ್ಬಿಯಲ್ಲೂ ನನಗೆ ಮೀನಿನ ವಾಸನೆ ಬರುತ್ತಿತ್ತು. ಎದುರಿಗಿದ್ದ ಹೆಂಗಸು ನೀರು ಕೊಟ್ಟು, "ಡೆಂಗ್ಯೂ ಆಗಿತ್ತಾ?" ಎಂದು ಹಿಂದಿಯಲ್ಲಿ ಕೇಳಿದಳು. ನನಗೆ ಆಶ್ಚರ್ಯ. ಅವಳು ನನ್ನ ಬೈತಲೆಯ ಕಡೆ ತೋರಿಸಿದಳು. "ನನಗೂ ಹೀಗೇ ಉದುರಿತ್ತು. ಆರು ತಿಂಗಳು ತಾಳಿ, ಬರುತ್ತದೆ." ಡಾಕ್ಟರಿಗಿಂತ ಮೊದಲು ನನ್ನ ಮುಂದಿನ ಆರು ತಿಂಗಳನ್ನು ಹೇಳಿದವಳು ಅವಳು. ಹೆಸರು ಕೇಳಲಿಲ್ಲ, ಭಾಯಖಳಾದಲ್ಲಿ ಇಳಿದುಹೋದಳು.

ಕೂದಲು ಅಂದರೆ ಬಾಚಣಿಗೆಯಲ್ಲಿ ನಾಲ್ಕೆಳೆ ಅಲ್ಲ. ಬಚ್ಚಲಿನ ಜಾಲರಿ ಕಟ್ಟಿಕೊಳ್ಳುವಷ್ಟು. ಜೋರು ಜ್ವರ ಬಂದಾಗ ಕೂದಲಿನ ಬುಡಗಳು ಒಟ್ಟಿಗೆ ಕೆಲಸ ನಿಲ್ಲಿಸಿ ವಿಶ್ರಾಂತಿಗೆ ಹೋಗುತ್ತವೆ, ಎರಡು ಮೂರು ತಿಂಗಳ ನಂತರ ಒಟ್ಟಿಗೆ ಉದುರುತ್ತವೆ. ಟೈಫಾಯ್ಡ್ ಆದವರಿಗೂ ಬಾಣಂತಿಯರಿಗೂ ಇದು ಗೊತ್ತಿರುವ ಸಂಗತಿ. ಅದು ಸೋಂಕೂ ಅಲ್ಲ, ರೋಗನಿರೋಧಕ ಶಕ್ತಿಯ ಸಮಸ್ಯೆಯೂ ಅಲ್ಲ. ಆದರೆ ಕನ್ನಡಿಯ ಮುಂದೆ ನಿಂತಾಗ ಈ ವಿಂಗಡಣೆ ಯಾರಿಗೆ ಬೇಕು?

ಸುಸ್ತು ಬೇರೆ ಮಾತು. ಅದನ್ನು ವಿವರಿಸಲು ಹೋಗಿ ಸೋತಿದ್ದೇನೆ. ಎಲ್ಲರಿಗೂ ಸುಸ್ತಿರುತ್ತದೆ, ಮುಂಬೈನಲ್ಲಿ ಸುಸ್ತಿಲ್ಲದವರು ಯಾರು? ಸಿಂಗಾಪುರದ ಆಸ್ಪತ್ರೆಯೊಂದರ ಡೆಂಗ್ಯೂ ರೋಗಿಗಳನ್ನು ಹಿಂಬಾಲಿಸಿ 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಕಾಯಿಲೆಯ ನಂತರವೂ ಗಣನೀಯ ಸುಸ್ತು ಉಳಿದಿತ್ತು. ಕ್ಯೂಬಾದವರು ಎರಡು ವರ್ಷ ಕಳೆದು ಕೇಳಿದಾಗಲೂ ಅರ್ಧಕ್ಕಿಂತ ಹೆಚ್ಚು ಮಂದಿ ಏನಾದರೊಂದು ಹೇಳಿಕೊಂಡರು. ಗಂಟು ನೋವು, ಮರೆವು, ನಿತ್ರಾಣ. ಕೆಲವರ ರಕ್ತದಲ್ಲಿ ತಮ್ಮ ಮೈಯ ವಿರುದ್ಧವೇ ತಿರುಗಿದ ಪ್ರತಿಕಾಯಗಳ ಸುಳಿವೂ ಸಿಕ್ಕಿತು. ಇದನ್ನು ಓದಿದ ದಿನ ನಾನು ಗಂಡನಿಗೆ ಫೋನ್ ಮಾಡಿ, "ನೋಡಿ, ಸೋಮಾರಿತನ ಅಲ್ಲ" ಅಂದೆ. "ನಾನು ಯಾವಾಗ ಹಾಗೆ ಹೇಳಿದೆ ಮಾರಾಯ್ತಿ?" ಅಂದರು. ಅವರು ಹೇಳಿರಲಿಲ್ಲ. ಹೇಳಿಕೊಂಡವಳು ನಾನೇ.

ಹೋಳಿಯ ಹೊತ್ತಿಗೆ ಬೈತಲೆಯ ಬದಿಯಲ್ಲಿ ಮೊಳಕೆಯ ಹಾಗೆ ಚಿಕ್ಕ ಕೂದಲು ಎದ್ದವು. ಮೇ ತಿಂಗಳಲ್ಲಿ ಒಂದು ದಿನ ಮಾಟುಂಗಾದಿಂದ ಬಾಳೆಲೆ, ಮಂಗಳೂರು ಸೌತೆ, ಕೆಸುವಿನೆಲೆ ಎಲ್ಲ ಹೊತ್ತು ಮನೆಗೆ ಬಂದು, ಪತ್ರೊಡೆ ಮಾಡಿ, ಸಂಜೆ ನಿದ್ದೆ ಮಾಡಲಿಲ್ಲ ಎಂದು ರಾತ್ರಿ ಹೊಳೆಯಿತು. ಗುಣವಾದದ್ದಕ್ಕೆ ಇದ್ದ ರಿಪೋರ್ಟು ಅದೊಂದೇ.

ಈ ಮಳೆಗಾಲ

ಜುಲೈಯಲ್ಲಿ ಮಗಳಿಗೆ ಜ್ವರ ಬಂತು. ಹದಿಮೂರು ವರ್ಷ, ಒಂದು ಕಡೆ ಕೂರುವ ಹುಡುಗಿಯಲ್ಲ. ಎನ್‌ಎಸ್ 1 ನೆಗೆಟಿವ್. ಸಾಮಾನ್ಯ ವೈರಲ್ ಜ್ವರ ಎಂದರು ಡಾಕ್ಟರು. ಅವಳಿಗೆ ಹಿಂದೆ ಎಂದಾದರೂ ಡೆಂಗ್ಯೂ ಬಂದಿತ್ತಾ ಎಂದು ರಕ್ತ ನೋಡೋಣವಾ ಎಂದು ಕೇಳಿದೆ. "ನೋಡಿ ಏನು ಮಾಡುತ್ತೀರಿ? ಬಂದಿದ್ದರೂ ಸೊಳ್ಳೆ ತಡೆಯಬೇಕು, ಬಂದಿಲ್ಲದಿದ್ದರೂ ತಡೆಯಬೇಕು" ಅಂದರು. ಸರಿಯಾದ ಮಾತು. ಅವಳ ಗೇಟಿನಲ್ಲಿ ಯಾವ ವಾಚ್‌ಮನ್ ನಿಂತಿದ್ದಾನೋ ಎಂದು ಯೋಚಿಸುತ್ತಾ ಆಟೋ ಹತ್ತಿದೆ.

ಮೂರನೇ ದಿನ ಬೆಳಗಿನ ಜಾವ ಜ್ವರ ಇಳಿಯಿತು. ಹಣೆ ತಣ್ಣಗೆ. ಅತ್ತೆ ದೇವರಿಗೆ ದೀಪ ಹಚ್ಚಿ ಗಂಜಿಗೆ ಅಕ್ಕಿ ತೊಳೆದರು. ಗಂಡ ಸಮಾಧಾನದಿಂದ ಮಲಗಿದರು. ನಾನು ಮಾತ್ರ ಎದ್ದು ಅವಳ ಪಕ್ಕದಲ್ಲಿ ಕೂತೆ. ಡೆಂಗ್ಯೂನಲ್ಲಿ ಅಪಾಯ ಶುರುವಾಗುವುದೇ ಜ್ವರ ಇಳಿಯುವ ಹೊತ್ತಿಗೆ, ರಕ್ತನಾಳದಿಂದ ನೀರು ಸೋರುವುದು ಆಗಲೇ. ನೆಗೆಟಿವ್ ಬಂದಿದೆ, ಇದು ಡೆಂಗ್ಯೂ ಅಲ್ಲ, ಎಲ್ಲ ಗೊತ್ತು. ಆದರೂ ಆಸ್ಪತ್ರೆಯಲ್ಲಿ ಸಿಸ್ಟರ್ ಎರಡು ಗಂಟೆಗೊಮ್ಮೆ ನನಗೆ ಮಾಡುತ್ತಿದ್ದುದನ್ನೇ ಮಾಡಿದೆ. ಅವಳ ಕೈ ಎತ್ತಿಕೊಂಡು ಬೆರಳಿನ ಉಗುರನ್ನು ಒತ್ತಿ ಹಿಡಿದೆ, ಬಿಳಿಯಾಯಿತು, ಬಿಟ್ಟೆ. ಎರಡು ಎಣಿಸುವುದರೊಳಗೆ ಕೆಂಪು ಮರಳಬೇಕು. ಒಂದು ಬೆರಳು, ಇನ್ನೊಂದು ಬೆರಳು.

ಮಗಳು ಒಂದು ಕಣ್ಣು ತೆರೆದು ನೋಡಿದಳು.

"ಎಂತಮ್ಮ, ನಂಗೂ ಉಗುರುಸುತ್ತಾ?"